ತಮ್ಮನ ರಕ್ತ ಬೇಡ ಎಂದದ್ದು

ನಾನು ಬಸ್ಸಿನ ಲೇಡಿ ಕಂಡಕ್ಟರ್. ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಹತ್ತೊಂಬತ್ತು ವರ್ಷ ಈ ರಸ್ತೆಯ ಮೇಲೆ ನಿಂತುಕೊಂಡೇ ತಿರುಗಿದ್ದೇನೆ. ಕಂಡಕ್ಟರಿಗೆಂದು ಬಸ್ಸಿನಲ್ಲಿ ಒಂದು ಸೀಟು ಇರುತ್ತದೆ, ಅದರ ಮೇಲೆ ಹಾಗೆಂದು ಬರೆದೂ ಇರುತ್ತದೆ. ಅದರಲ್ಲಿ ದಿನವೂ ಯಾರಾದರೊಬ್ಬ ಓದು ಬಲ್ಲ ಗಂಡಸೇ ಕೂತಿರುತ್ತಿದ್ದ. ಬರೆದದ್ದನ್ನು ಜನ ಓದುವುದಿಲ್ಲ ಎಂಬುದನ್ನು ನಾನು ಆ ಸೀಟಿನಿಂದಲೇ ಕಲಿಯಬೇಕಿತ್ತು. ಕಲಿಯಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಬಂತು. ಬಂದದ್ದು ಎಂದೋ, ಗೊತ್ತಾದದ್ದು ಆಗ. ಅದಕ್ಕೂ ಮೊದಲು ಆರು ತಿಂಗಳು ನಮ್ಮೂರಿನ ಡಾಕ್ಟರರೊಬ್ಬರು ನನಗೆ ತಾಕತ್ತಿನ ಟಾನಿಕ್ ಕುಡಿಸಿದರು. ತೋಳಿನ ಮೇಲೆ, ತೊಡೆಯ ಮೇಲೆ ನೀಲಿ ಕಲೆ ಏಳುತ್ತಿದ್ದವು. "ಬಸ್ಸಿನ್ಯಾಗ ಕಂಬಿ ಬಡೀತಾವಲ್ಲ, ಅದಕ್ಕ" ಎಂದರು. ಎಡಗಡೆಯ ಹೊಟ್ಟೆ ಭಾರವಾಗಿದೆ ಎಂದೆ. "ಗ್ಯಾಸು" ಎಂದರು. ಒಂದು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಅವರಿಗೆ ಹೊಳೆಯಲಿಲ್ಲ. ಕೊನೆಗೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಶೀನು ಕೈಯಲ್ಲಿ ಹಿಡಿದುಕೊಂಡೇ ತಲೆ ಸುತ್ತಿ ಬಿದ್ದೆ. ಆಗ ಹೈದರಾಬಾದಿಗೆ ಒಯ್ದರು.

ಅಲ್ಲಿ ಹೇಳಿದ್ದು, ಇದು ನಿಧಾನವಾಗಿ ಬೆಳೆಯುವ ಜಾತಿಯ ಕ್ಯಾನ್ಸರ್, ಇದಕ್ಕೆ ಒಳ್ಳೆಯ ಔಷಧವಿದೆ ಎಂದು. ಒಂದು ವಾರ ಆ ಔಷಧವನ್ನು ಸಲಾಯಿನ್ ಜೊತೆ ಹನಿಹನಿಯಾಗಿ ಇಳಿಸಿದರು. ಆಮೇಲೆ ಮೂರು ವಾರ ಜ್ವರದಲ್ಲಿ ಬೆಂದೆ. ಬೆಂದು ಎದ್ದೆ. ಮನೆಗೆ ಹೊರಡುವ ದಿನ ಒಬ್ಬ ಡಾಕ್ಟರ್ ಹುಡುಗಿ ನನ್ನ ಮಂಚದ ತುದಿಗೆ ಕೂತು ಒಂದು ಹಳದಿ ಕಾರ್ಡು ಕೈಗಿಟ್ಟಳು. ಮೂವತ್ತು ದಾಟಿರಲಿಕ್ಕಿಲ್ಲ. ತೆಲುಗು ಬೆರೆತ ಉರ್ದುವಿನಲ್ಲಿ ಮಾತಾಡಿದಳು, ನಮ್ಮ ಕಡೆಯವರಿಗೆ ಅದೇನು ತ್ರಾಸಿಲ್ಲ. ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಇಲ್ಲಿ ಹೇಳುತ್ತೇನೆ.

ಬೇರೆಯವರ ರಕ್ತದಲ್ಲಿ ಅವರ ಬಿಳಿಕಣಗಳೂ ಇರುತ್ತವೆ. ಆರೋಗ್ಯವಂತರ ಮೈ ಅವನ್ನು ಹೊರಗಿನವು ಎಂದು ಗುರುತು ಹಿಡಿದು ಕೊಂದು ಹಾಕುತ್ತದೆ. ನನಗೆ ಕೊಟ್ಟ ಔಷಧ ಕ್ಯಾನ್ಸರಿನ ಜೊತೆಗೆ ನನ್ನ ಮೈಯ ಕಾವಲಿನ ಕಣಗಳನ್ನೂ ಕೊಂದಿದೆ. ಅವು ಮತ್ತೆ ಮೊದಲಿನಂತಾಗುತ್ತವೆ ಎಂದು ಯಾರೂ ಬರೆದುಕೊಡಲಾರರು. ಆದ್ದರಿಂದ ಹೊರಗಿನ ಬಿಳಿಕಣ ನನ್ನ ಮೈಯಲ್ಲಿ ಠಿಕಾಣಿ ಹೂಡಿ ಬೆಳೆದರೆ, ಅದು ನನ್ನ ಚರ್ಮ, ಕರುಳು, ಲಿವರುಗಳನ್ನೇ ಶತ್ರು ಎಂದುಕೊಂಡು ಹಾಳು ಮಾಡುತ್ತದೆ. ಅಪರೂಪಕ್ಕೆ ಆಗುವಂಥದು, ಆದರೆ ಆದವರು ಉಳಿಯುವುದು ಬಹಳ ಕಷ್ಟ. ಅದಕ್ಕೇ ಇನ್ನು ಮುಂದೆ, ಬದುಕಿರುವಷ್ಟು ದಿನ, ನನಗೆ ರಕ್ತ ಕೊಡುವುದಾದರೆ ಕಿರಣ ಹಾಯಿಸಿದ ರಕ್ತವನ್ನೇ ಕೊಡಬೇಕು. ಕಿರಣ ತಾಗಿದ ಬಿಳಿಕಣ ಬೆಳೆಯುವುದಿಲ್ಲ, ಕೆಂಪುಕಣ ತನ್ನ ಕೆಲಸ ಮಾಡಿಕೊಂಡಿರುತ್ತದೆ.

"ಇನ್ನೊಂದು ಮಾತು. ಮನೆಯವರ ರಕ್ತ ಬೇಡವೇ ಬೇಡ" ಎಂದಳು. "ಅಣ್ಣ, ತಮ್ಮ, ಮಗ, ಯಾರದೂ. ಅದು ಹೆಚ್ಚು ಅಪಾಯ. ನೋಡಲಿಕ್ಕೆ ನಿಮ್ಮದರ ಹಾಗೇ ಇರುತ್ತದಲ್ಲ, ನಿಮ್ಮ ಮೈ ಅದನ್ನು ಹೊರಗಿನದು ಅಂತ ಹಿಡಿಯುವುದೇ ಇಲ್ಲ."

ನನಗೆ ನಗು ಬಂತು. ಎರಡು ದಿನಕ್ಕೆಂದು ಬಂದು ಮೂರು ತಿಂಗಳು ಕೂತ ನಮ್ಮ ಸೋದರಮಾವ ನೆನಪಾದ. ಇಷ್ಟು ತಿಳಿಯಲಿಕ್ಕೆ ಡಾಕ್ಟರಿಕೆ ಓದಬೇಕಾಗಿರಲಿಲ್ಲ ಎಂದುಕೊಂಡೆ.

ಕಾರ್ಡಿನ ಮೇಲೆ ನಾಲ್ಕು ಸಾಲು ಇಂಗ್ಲಿಷು, ಅದರ ನಡುವೆ ಕಿರಣ ಹಾಯಿಸಿದ್ದು ಎಂಬುದಕ್ಕೆ 'ಇರೇಡಿಯೇಟೆಡ್' ಎಂಬ ದಪ್ಪಕ್ಷರದ ಶಬ್ದ, ಕೆಳಗೆ ಒಂದು ಫೋನ್ ನಂಬರು. ಸುರಪುರಕ್ಕೆ ಬಂದ ಮೇಲೆ ಅದರ ಗತಿ ನೋಡಬೇಕಿತ್ತು. ನೋಡಲು ಬಂದವರೆಲ್ಲ ಕೈಗೆ ತಗೊಂಡು ತಿರುಗಿಸಿ ನೋಡಿದರು. ಪಕ್ಕದ ಮನೆಯ ಮಾಸ್ತರರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿ, "ಇದು ಕ್ಯಾನ್ಸರಿನವರಿಗೆ ಬಸ್ ಪಾಸು" ಎಂದು ತೀರ್ಪು ಕೊಟ್ಟರು. ಬಸ್ ಕಂಡಕ್ಟರಿಗೆ! ನಮ್ಮ ಚಿಕ್ಕಮ್ಮ ಅದನ್ನು ದೇವರ ಜಗುಲಿಯ ಮೇಲೆ ಇಟ್ಟು ಕುಂಕುಮ ಹಚ್ಚಿದಳು. ಒರೆಸಿ ತೆಗೆಯುವಾಗ ಒಂದು ಅಕ್ಷರ ಅಳಿಸಿತು.

ಟಾನಿಕ್ ಕೊಟ್ಟಿದ್ದ ಡಾಕ್ಟರರಿಗೂ ತೋರಿಸಿದೆ. ಅವರು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, "ಇವೆಲ್ಲಾ ದೊಡ್ಡ ದವಾಖಾನಿಯವರ ಧಂದಾ. ನಿಮಗ ಈಗ ಆರಾಮ ಆಗ್ಯಾದಲ್ಲ, ಮರತುಬಿಡ್ರಿ" ಎಂದರು. ಆರು ತಿಂಗಳು ಕ್ಯಾನ್ಸರಿಗೆ ಟಾನಿಕ್ ಕುಡಿಸಿದವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೋ. ನಾನು ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ ಟಿಕೆಟ್ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡೆ. ನಾಲ್ಕು ತಿಂಗಳಿಗೆ ಡ್ಯೂಟಿಗೂ ಹೋದೆ.

ಈಗ ನನ್ನ ತಮ್ಮನ ಬಗ್ಗೆ ಹೇಳಬೇಕು. ಶಹಾಪುರದಲ್ಲಿ ಅವನದೊಂದು ಗೊಬ್ಬರ, ಕ್ರಿಮಿನಾಶಕದ ಅಂಗಡಿ. ಅಂಗಡಿಯಲ್ಲಿ ಅವನನ್ನು ಕಂಡವರು ಕಡಿಮೆ. ಯಾವುದೋ ಮುಖಂಡರ ಹುಟ್ಟುಹಬ್ಬ ಬಂತೆಂದರೆ ಇವನ ರಕ್ತದಾನ ಶಿಬಿರ. ಪೆಂಡಾಲು, ಶಾಲು, ಹಾರ. ರಕ್ತ ಕೊಡುವವರಿಗಿಂತ ರಕ್ತ ಕೊಡುವವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚು. ಆದರೆ ಇವನು ಮಾತ್ರ ಪ್ರತಿ ಸಲವೂ ನಿಜಕ್ಕೂ ಕೊಡುತ್ತಿದ್ದ. ತೋಳು ಚಾಚಿ ಮಲಗಿದ ಇವನ ಒಂದೇ ಥರದ ಫೋಟೋಗಳು ನನ್ನ ಫೋನ್ ತುಂಬ ಇದ್ದವು. ಕಾರ್ಡಿನ ವಿಷಯ ಇವನಿಗೂ ಹೇಳಿದ್ದೆ. "ಹೂಂ ಅಕ್ಕ, ಹೂಂ ಅಕ್ಕ" ಎಂದಿದ್ದ, ಫೋನಿನಲ್ಲಿ ಬೆರಳು ಆಡಿಸುತ್ತ.

ಡ್ಯೂಟಿಗೆ ಹೋಗತೊಡಗಿ ವರ್ಷವಾಗಿತ್ತು. ದೋರನಹಳ್ಳಿ ದಾಟುವಾಗ ರಸ್ತೆ ಅಗೆದು ಹಾಕಿದ್ದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ನಮ್ಮ ಬಸ್ಸು ಹಿಂದಕ್ಕೆ ಹೋಗಬೇಕಾಯಿತು. ನಾನು ಕೆಳಗಿಳಿದು, ಹಿಂದೆ ನಿಂತು, ಸೀಟಿ ಊದಿ ದಾರಿ ತೋರಿಸುತ್ತಿದ್ದೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡ ಒಬ್ಬ ಮಹಾಶಯ ಮೋಟರ್ ಸೈಕಲ್ ಮೇಲೆ ಬಂದು ನೇರ ನನಗೇ ಗುದ್ದಿದ. ಬಿದ್ದಾಗ ಬಲಗಾಲು ನನ್ನದಲ್ಲ ಎನ್ನುವ ಹಾಗೆ ಬೇರೆ ಕಡೆ ತಿರುಗಿತ್ತು.

ಅಂಬುಲೆನ್ಸ್ ಬರುವ ತನಕ ರಸ್ತೆಯ ಮೇಲೆ ಮಲಗಿದ್ದೆ. ಸುತ್ತ ನಿಂತವರಲ್ಲಿ ಅರ್ಧ ಮಂದಿ ವೀಡಿಯೋ ತೆಗೆಯುತ್ತಿದ್ದರು. ಒಬ್ಬ ಗಂಡಸು ಬಗ್ಗಿ ನನ್ನ ಮುಖ ನೋಡಿದ. ನೀರು ಬೇಕೇ ಎಂದು ಕೇಳುತ್ತಾನೆ ಎಂದುಕೊಂಡೆ.

"ಅಕ್ಕಾರ, ಈ ಟಿಕೀಟು ಹಿಂದ ಬರೂ ಬಸ್ಸಿಗೆ ನಡೀತದೇನ್ರಿ?"

ನಡೀತದ ಎಂದೆ. ಡ್ಯೂಟಿ ಡ್ಯೂಟಿಯೇ.

ಯಾದಗಿರಿಯ ಒಂದು ಖಾಸಗಿ ದವಾಖಾನೆಗೆ ಸೇರಿಸಿದರು. ಹೆಸರು ಬರೆದುಕೊಳ್ಳುವ ಹುಡುಗಿಗೆ ಎಲ್ಲಕ್ಕಿಂತ ಮೊದಲು ಹಳದಿ ಕಾರ್ಡನ್ನೇ ಕೊಟ್ಟೆ. ಹೈದರಾಬಾದಿನಲ್ಲಿ ಹಾಗೇ ಮಾಡಲು ಹೇಳಿದ್ದರು.

"ಇದು ನಡಿಯಂಗಿಲ್ರಿ. ಆಧಾರ್ ಕೊಡ್ರಿ."

"ಇದು ಡಾಕ್ಟರ್ ನೋಡಬೇಕವ್ವ. ರಕ್ತ ಕೊಡೂದಿದ್ರ ಕಿರಣ ಹಾಯಿಸಿದ್ದೇ ಕೊಡಬೇಕಂತ ಬರದಾರ."

"ಎಕ್ಸ್‌ರೇ ಮುಂದಿನ ಖೋಲ್ಯಾಗ ತಗೀತಾರ, ಗಡಬಡ ಮಾಡಬ್ಯಾಡ್ರಿ."

ಕಾರ್ಡು ನನ್ನ ಎದೆಯ ಮೇಲೆ ವಾಪಸ್ ಬಂತು. ದಿನಕ್ಕೆ ಎಷ್ಟು ಹೆಂಗಸರ ಆಧಾರ್ ಕಾರ್ಡನ್ನು ನಾನೂ ಹೀಗೇ ಮುಖ ನೋಡದೆ ವಾಪಸ್ ಒಗೆದಿದ್ದೆನೋ. ಆಗ ಅದೆಲ್ಲ ಹೊಳೆಯಲಿಲ್ಲ. ಆ ಹುಡುಗಿಯ ಜಡೆ ಹಿಡಿದು ಜಗ್ಗಬೇಕೆನಿಸಿತ್ತು ಅಷ್ಟೇ.

ಎಲುಬಿನ ಡಾಕ್ಟರರು ಬಂದರು. ತೊಡೆಯ ಎಲುಬು ಎರಡು ತುಂಡಾಗಿದೆ, ರಾಡು ಹಾಕಬೇಕು, ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ, ಎರಡು ಬಾಟ್ಲಿ ಹಾಕಿಯೇ ಆಪರೇಶನ್ ಎಂದು ಗೋಡೆಗೆ ಹೇಳುವಂತೆ ಹೇಳಿದರು. ನಾನು ಕಾರ್ಡು ಎತ್ತಿ ಹಿಡಿದೆ. ಅವರು ಒಮ್ಮೆ ಕಣ್ಣು ಹಾಯಿಸಿದರು.

"ನೋಡವ್ವಾ, ಬ್ಲಡ್ ಬ್ಯಾಂಕಿನ್ಯಾಗ ಎಲ್ಲಾ ಟೆಸ್ಟ್ ಮಾಡಿರ್ತಾರ. ಏಡ್ಸು, ಕಾಮಾಲಿ, ಎಲ್ಲಾ. ನಿನ್ನಂಥವ್ರಿಗೆ ಎಷ್ಟು ಮಂದಿಗೆ ಹಾಕೀನಿ ನಾ."

"ನನ್ನಂಥವ್ರಿಗೆ ಹಾಕಿಲ್ರಿ ನೀವು. ಹಾಕಿದ್ರ ಈ ಕಾರ್ಡ್ ಓದಿರ್ತಿದ್ರಿ."

ಪಕ್ಕದಲ್ಲಿದ್ದ ನರ್ಸು ಹುಬ್ಬೇರಿಸಿದಳು. ಡಾಕ್ಟರರಿಗೆ ಸಿಟ್ಟು ಬಂತು. ಸಿಟ್ಟಿಗೆ ಸಮಯ ಸಿಕ್ಕಿತು, ನಾಲ್ಕು ಸಾಲು ಓದಲಿಕ್ಕೆ ಸಿಗಲಿಲ್ಲ. ಚೀಟಿ ಬರೆದು ಹೋದರು.

ಅಷ್ಟರಲ್ಲಿ ಸುದ್ದಿ ತಿಳಿದು ನನ್ನ ಗಂಡ ಬಂದರು. ಅವರು ಸುರಪುರದಲ್ಲಿ ಟೇಲರ್. ಮಾತು ಕಡಿಮೆ, ಧೈರ್ಯ ಇನ್ನೂ ಕಡಿಮೆ. ಹೈದರಾಬಾದಿನಲ್ಲಿ ನಾನು ಮಲಗಿದ್ದಾಗ ದವಾಖಾನೆಯ ಎದುರಿನ ರಸ್ತೆ ದಾಟಲಾರದೆ ಒಂದು ದಿನವಿಡೀ ಚಹಾ ಇಲ್ಲದೆ ಕೂತಿದ್ದವರು. ಅದನ್ನು ನಾನು ಡಿಪೋದಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೆ. ಅವರ ಹಿಂದೆಯೇ ನನ್ನ ತಮ್ಮ, ಅವನ ಹಿಂದೆ ಅವನ ಐದಾರು ಜನ ಗೆಳೆಯರು ನುಗ್ಗಿದರು. ತಮ್ಮ ಆಗಲೇ ಅಂಗಿಯ ತೋಳು ಮಡಿಚಿದ್ದ.

"ನಮ್ಮಕ್ಕಗ ಹೊರಗಿನವ್ರ ರಕ್ತ ಯಾಕ? ನಂದೂ ಅಕಿದೂ ಒಂದ ಗ್ರೂಪು. ಈಗ ಹೋಗಿ ಕೊಟ್ಟು ಬರ್ತೀನಿ. ಬಿಸಿ ರಕ್ತ, ತಾಜಾ ರಕ್ತ!"

"ಬ್ಯಾಡೋ" ಎಂದೆ.

"ಏನ್ ಬ್ಯಾಡ?"

"ನಿನ್ನ ರಕ್ತ ಬ್ಯಾಡ. ನಿಂದಂತೂ ಬ್ಯಾಡೇ ಬ್ಯಾಡ. ಮನಿ ಮಂದಿ ರಕ್ತ ನನಗ ವಿಷ ಅದ. ಹೇಳಿದ್ದೆನಲ್ಲೋ ನಿನಗ."

ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ ಫೋನ್ ಎತ್ತಿ ಹಿಡಿದಿದ್ದವನು ಇಳಿಸಿದ. ತಮ್ಮನ ಮುಖ ಕಪ್ಪಿಟ್ಟಿತು.

"ಪೆಟ್ಟು ಬಿದ್ದು ತಲಿ ಕೆಟ್ಟದ ಅಕೀಗಿ" ಎಂದ ಗೆಳೆಯರಿಗೆ. ರಕ್ತದ ಸ್ಯಾಂಪಲ್ಲು, ಡಾಕ್ಟರರ ಚೀಟಿ ಎರಡನ್ನೂ ನರ್ಸಿನ ಕೈಯಿಂದ ಕಸಿದುಕೊಂಡು ದಂಡು ಕಟ್ಟಿಕೊಂಡು ಹೊರಟೇಬಿಟ್ಟ.

ಎದ್ದು ಓಡಿ ಅಡ್ಡ ನಿಲ್ಲಲಿಕ್ಕೆ ಕಾಲಿರಲಿಲ್ಲ. ಕಾಲಿಗೆ ತೂಕ ಕಟ್ಟಿ ಜೋತುಬಿಟ್ಟಿದ್ದರು. ಗಂಡನ ಕೈಗೆ ಕಾರ್ಡು ಕೊಟ್ಟೆ. "ಅವನ ಹಿಂದ ಹೋಗ್ರಿ. ಬ್ಲಡ್ ಬ್ಯಾಂಕಿನವ್ರು ಓದೂ ತನಕ ಅಲ್ಲಿಂದ ಸರೀಬ್ಯಾಡ್ರಿ" ಎಂದೆ. ಅವರು ಹೋದರು. ನನಗೇನೂ ನಂಬಿಕೆ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿ ದಬಾಯಿಸಿದರೆ ಸರಿಯಾಗಿ ಹೊಲಿದ ರವಿಕೆಯನ್ನೂ ಬಿಚ್ಚಿ ಮತ್ತೆ ಹೊಲಿದುಕೊಡುವ ಮನುಷ್ಯ ಅವರು.

ಒಂದೂವರೆ ತಾಸು ಯಾರೂ ಬರಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಮಲಗಿದ್ದೆ. ತಮ್ಮನ ರಕ್ತದ ಚೀಲ ಹಿಡಿದು ನರ್ಸು ಬಂದರೆ ಸೂಜಿ ಕಿತ್ತು ಒಗೆಯುವುದೆಂದು ನಿಶ್ಚಯಿಸಿದ್ದೆ. ಆಮೇಲೆ ನಿದ್ದೆಯ ಇಂಜೆಕ್ಷನ್ ಚುಚ್ಚಿ ಹಾಕಿಬಿಟ್ಟರೆ ಎಂದು ಹೊಳೆಯಿತು. ಕ್ಯಾನ್ಸರ್ ಎಂದಾಗಲೂ ಅಷ್ಟು ಹೆದರಿರಲಿಲ್ಲ. ರೋಗ ನನ್ನನ್ನು ಕೊಲ್ಲಲು ಬಂದಿತ್ತು, ಅದಕ್ಕೊಂದು ಅರ್ಥವಿತ್ತು. ಇವರೆಲ್ಲ ಉಳಿಸಲು ಹೊರಟಿದ್ದರು.

ಬಾಗಿಲಲ್ಲಿ ಮೊದಲು ಕಂಡದ್ದು ನನ್ನ ಗಂಡ. ಅವರ ಪಕ್ಕ ಬುರ್ಖಾ ಹಾಕಿ ತೋಳಿನ ಮೇಲೆ ಬಿಳಿ ಏಪ್ರನ್ ಇಳಿಬಿಟ್ಟುಕೊಂಡ ಒಬ್ಬ ನಡುವಯಸ್ಸಿನ ಹೆಂಗಸು. ಆಕೆಯ ಕೈಯಲ್ಲಿ ಹಳದಿ ಕಾರ್ಡು.

"ನಾ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ರಿ" ಎಂದಳು. "ನಿಮ್ಮ ತಮ್ಮ ಕುರ್ಚಿ ಮ್ಯಾಲ ಕುಂತು ತೋಳ ಚಾಚಿಬಿಟ್ಟಿದ್ದ. ನಿಮ್ಮ ಯಜಮಾನ್ರು ಬಾಗಲದಾಗ ನಿಂತು ಈ ಕಾರ್ಡ್ ಹಿಂಗ ಹಿಡಕೊಂಡಾರ, ಬಾಯೇ ತಗೀವಲ್ರು. ಹೋಗು ಅಂದ್ರ ಹೋಗವಲ್ರು. ಆಖಿರ್ ನಾನೇ ಕೇಳ್ದೆ, ಬೋಲೋ ಜೀ, ಏನದು ಅಂತ. ಓದಿದ ಮ್ಯಾಲ ನಿಮ್ಮ ತಮ್ಮನ ತೋಳಿನ ಪಟ್ಟಿ ಬಿಚ್ಚಿ ಎಬ್ಬಿಸಿ ಕಳಿಸೇನಿ."

"ನಿಮಗ ಇದು ಗೊತ್ತಿತ್ತೇನ್ರಿ?"

"ಪರೀಕ್ಷಾಕ್ಕ ಓದಿದ್ದೆ. ಇಪ್ಪತ್ತು ವರ್ಷ ಆತು. ಇಂಥಾ ಕಾರ್ಡ್ ಹಿಡಕೊಂಡು ಬಂದವ್ರು ನೀವೇ ಮೊದಲು." ಕಾರ್ಡನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತ ಹೇಳಿದಳು, "ಹಿಡಕೊಳ್ದ ಬಂದವ್ರು ಎಷ್ಟು ಮಂದಿ ಇದ್ರೋ, ಅಲ್ಲಾಗೇ ಗೊತ್ತು."

ಆಕೆ ಎಲುಬಿನ ಡಾಕ್ಟರರನ್ನು ಕರೆಸಿದಳು. ಅವರು ಬಂದು, ಲ್ಯಾಬಿನವಳು ತಮಗೆ ಪಾಠ ಹೇಳುವುದೇ ಎನ್ನುವ ಮುಖ ಮಾಡಿಕೊಂಡು ನಿಂತರು. ಆಕೆ ವಾದಕ್ಕೆ ಇಳಿಯಲಿಲ್ಲ. ಕಾರ್ಡಿನ ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಅದೇ ಡಾಕ್ಟರ್ ಹುಡುಗಿ. ಅವಳು ಇವರಿಗೆ ಕೇಳಿದ್ದು ಮೂರೇ ಪ್ರಶ್ನೆ. ಈಗ ರಕ್ತ ಹೋಗುತ್ತಿದೆಯೇ? ಬಿಪಿ ಎಷ್ಟಿದೆ? ಒಂದು ದಿನ ಕಾಯಬಹುದೇ?

"ನಿಂತದ" ಎಂದರು ಡಾಕ್ಟರರು. ಬಿಪಿ ಹೇಳಿದರು. ಮೂರನೆಯದಕ್ಕೆ ನನ್ನ ಕಾಲನ್ನೊಮ್ಮೆ ನೋಡಿ, "ಕಾಯಬಹುದು" ಎಂದರು. ಕಾಯಬಹುದು! ಬೆಳಗಿನಿಂದ ನಾನು ಬಾಯಿ ಬಡಿದುಕೊಂಡದ್ದು ಇದೊಂದು ಮಾತಿಗೆ.

ಫೋನಿನಲ್ಲಿ ಅವಳು ಹೇಳಿದಳು, "ಜೀವವೇ ಹೋಗುವಂತಿದ್ದರೆ ಇದ್ದ ರಕ್ತ ಹಾಕಿ, ಆಗ ಕಾಯುವುದು ತಪ್ಪು. ಆಗಲೂ ಮನೆಯವರದು ಬೇಡ, ಅವತ್ತೇ ತೆಗೆದ ತಾಜಾ ರಕ್ತ ಬೇಡ. ಆದರೆ ಕಾಯಬಹುದಾದರೆ ಕಾಯಿರಿ. ಕಿರಣ ಹಾಯಿಸಿದ ಎರಡು ಚೀಲ ಇಲ್ಲಿಂದ ಕಳಿಸುವ ವ್ಯವಸ್ಥೆ ಮಾಡುತ್ತೇನೆ. ಬಂದು ಒಯ್ಯುವವರು ಬೇಕು."

ಅಷ್ಟಾದರೂ ಡಾಕ್ಟರರಿಗೆ ಸೋತು ಹೋಗಲು ಮನಸ್ಸಿಲ್ಲ. ಒಂದು ಕಾಗದ ತರಿಸಿದರು. ರೋಗಿ ರಕ್ತ ನಿರಾಕರಿಸಿದ್ದಾರೆ, ಮುಂದಾಗುವುದಕ್ಕೆ ಅವರೇ ಜವಾಬ್ದಾರರು ಎಂದು ಬರೆದಿತ್ತು. ನಾನು ಪೆನ್ನು ತಗೊಂಡು 'ರಕ್ತ' ಎಂಬುದರ ಹಿಂದೆ 'ಕಿರಣ ಹಾಯಿಸದ' ಎಂದು ಸೇರಿಸಿ ಸಹಿ ಮಾಡಿದೆ. ಟೆಕ್ನಿಷಿಯನ್ ಬಾಯಿಗೆ ಬುರ್ಖಾದ ಅಂಚು ಅಡ್ಡ ಹಿಡಿದು ನಕ್ಕಳು.

ಹೈದರಾಬಾದಿಗೆ ಹೋಗುವವರು ಯಾರು? ತಮ್ಮ ಮುನಿಸಿಕೊಂಡು ಶಹಾಪುರಕ್ಕೆ ಹೋಗಿಯಾಗಿತ್ತು, ಅವನ ಜೊತೆಗೆ ಅವನ ದಂಡೂ. "ನಮ್ಮ ಡಿಪೋದಾಗ ಯಾರಿಗರ ಹೇಳ್ತೀನಿ" ಎಂದೆ.

"ನಾ ಹೋಗ್ತೀನಿ" ಎಂದರು ನನ್ನ ಗಂಡ.

"ನೀವಾ? ನಿಮಗ ಅಲ್ಲಿ ರಸ್ತಾ ದಾಟಾಕ ಬರಂಗಿಲ್ಲ."

"ಯಾರರ ದಾಟೂ ಮುಂದ ಅವರ ಹಿಂದ ದಾಟ್ತೀನಿ" ಎಂದರು.

ಟೆಕ್ನಿಷಿಯನ್ ಅವರಿಗೆ ಐಸ್ ಇಡುವ ಬರ್ಫಿನ ಡಬ್ಬಿ ಕೊಟ್ಟು, ಪತ್ರ ಕೊಟ್ಟು, ಸಣ್ಣ ಮಕ್ಕಳಿಗೆ ಹೇಳಿದಂತೆ ಹೇಳಿಕೊಟ್ಟಳು. ಚೀಲಕ್ಕೆ ಬರ್ಫು ನೇರವಾಗಿ ತಾಗಬಾರದು. ಡಬ್ಬಿ ದಾರಿಯಲ್ಲಿ ತೆರೆಯಬಾರದು. ಬಿಸಿಲಿಗೆ ಇಡಬಾರದು. ಅವರು ಅಳತೆ ಬರೆದುಕೊಳ್ಳುವ ಚೀಟಿಯ ಮೇಲೆ ಎಲ್ಲವನ್ನೂ ಬರೆದುಕೊಂಡು ಹೊರಟರು.

ಮರುದಿನ ಮಧ್ಯಾಹ್ನ ಬಂದರು. ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದರು. ಹಿಂದಿನ ದಿನದ್ದೇ ಅಂಗಿ. ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ ಡಬ್ಬಿಯನ್ನು ಸೀಟಿನ ಕೆಳಗೆ ದೂಡು ಎಂದನಂತೆ. ಇವರು ಇಲ್ಲ ಎಂದರಂತೆ. ಹಾಗಿದ್ದರೆ ಲಗೇಜ್ ಟಿಕೆಟ್ ತಗೋ ಎಂದನಂತೆ. ಇವರು ತಗೊಂಡು, ಟಿಕೆಟ್ ತಗೊಂಡಾಗಿದೆ, ಇನ್ನು ಇದು ಎಲ್ಲಿ ಕೂರಬೇಕೋ ನಾನು ಹೇಳುತ್ತೇನೆ ಎಂದು ತೊಡೆಯ ಮೇಲೆ ಇಟ್ಟುಕೊಂಡರಂತೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಕಂಡಕ್ಟರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನಾನು ಹಾಗೆಂದೆ. ಅವರಿಗೆ ಅದು ತಮಾಷೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗುತ್ತಲೇ ಕುರ್ಚಿಯ ಮೇಲೆ ಕೂತು ನಿದ್ದೆ ಹೋದರು.

ಟೆಕ್ನಿಷಿಯನ್ ನನ್ನ ರಕ್ತದ ಜೊತೆ ಆ ಚೀಲಗಳನ್ನು ತಾಳೆ ನೋಡಿ ತಂದಳು. ಚೀಲದ ಮೇಲೆ ಒಂದು ಪುಟ್ಟ ಚೀಟಿ ಅಂಟಿಸಿದ್ದರು. ಕಿರಣ ತಾಗಿದರೆ ಅದರ ಬರಹ ಬದಲಾಗುತ್ತದಂತೆ. "ನೋಡ್ರಿ ಅಕ್ಕಾರ, ಬದಲಾಗ್ಯಾದ. ನೀವೇ ನೋಡಿ ಹೂಂ ಅನ್ರಿ, ಆಮ್ಯಾಲ ಹಚ್ಚಲಿ" ಎಂದಳು. ನೋಡಿದೆ. ಹೂಂ ಎಂದೆ. ಯಾರದೋ ರಕ್ತ ನನ್ನ ಕೈಯೊಳಕ್ಕೆ ಇಳಿಯಿತು. ಹೈದರಾಬಾದಿನ ಯಾರೋ, ನನ್ನ ಮುಖ ಕಾಣದವರು, ಫೋಟೋ ತೆಗೆಸಿಕೊಳ್ಳದೆ ಕೊಟ್ಟದ್ದು ಎಂದುಕೊಂಡೆ. ತೆಗೆಸಿಕೊಂಡಿದ್ದರೂ ಇರಬಹುದು.

ಆಪರೇಶನ್ ಆಯಿತು. ಕಾಲಿಗೆ ರಾಡು ಬಂತು. ಎಲುಬಿನ ಡಾಕ್ಟರರ ಕೈಗೆ ಕೆಲಸ ಗೊತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ನಾನು ಈಗ ಕೋಲು ಹಿಡಿಯದೆ ನಡೆಯುವುದು ಅವರ ಕೈಯಿಂದಲೇ. ಬಿಡುಗಡೆಯ ಕಾಗದದಲ್ಲಿ ಅವರು 'ಎರಡು ಬಾಟ್ಲಿ ರಕ್ತ ಕೊಡಲಾಯಿತು' ಎಂದು ಬರೆದಿದ್ದರು. ಎಂಥ ರಕ್ತ ಎಂದು ಬರೆದಿರಲಿಲ್ಲ. ಬರೆಯಿರಿ ಎಂದೆ. ಬರೆದರು. ಇಂಗ್ಲಿಷಿನ ಆ ಶಬ್ದದಲ್ಲಿ ಒಂದು ಅಕ್ಷರ ತಪ್ಪಿತ್ತು. ಹಾಗೇ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದ ಮೇಲೆ ಇನ್ನೊಂದು ಕಥೆ. ನೋಡಲು ಬಂದವರೆಲ್ಲ ಒಂದೇ ಮಾತು. "ತಮ್ಮ ಅಂದ್ರ ನಿನ್ನ ತಮ್ಮ ನೋಡು. ರಕ್ತಾ ಕೊಟ್ಟು ಉಳಿಸಿಕೊಂಡ." ನನಗೆ ಮೊದಲು ತಿಳಿಯಲಿಲ್ಲ. ನಮ್ಮ ಚಿಕ್ಕಮ್ಮನೇ ಫೋನ್ ತೋರಿಸಿದಳು. ಬ್ಲಡ್ ಬ್ಯಾಂಕಿನ ಕುರ್ಚಿಯ ಮೇಲೆ ತೋಳು ಚಾಚಿ, ಪಟ್ಟಿ ಕಟ್ಟಿಸಿಕೊಂಡು ಕೂತ ನನ್ನ ತಮ್ಮನ ಫೋಟೋ. ಕೆಳಗೆ, ಅಕ್ಕನಿಗೆ ರಕ್ತ ಕೊಟ್ಟು ಜೀವ ಉಳಿಸಿದ ಪ್ರೀತಿಯ ತಮ್ಮ ಎಂದು ಅವನ ಗೆಳೆಯ ಬರೆದ ಸಾಲು. ಅದರ ಕೆಳಗೆ ಊರಿಗೂರೇ ಕೈ ಮುಗಿದಿತ್ತು. ಸೂಜಿ ಚುಚ್ಚುವ ಮೊದಲೇ ಫೋಟೋ ಹೋಗಿಬಿಟ್ಟಿತ್ತು. ನಿಜ ಹೇಳಿದರೆ ಕೇಳುವವರಿಲ್ಲ. "ಹಂಗನ್ನಬಾರ್ದು, ಪಾಪ" ಎನ್ನುವರು. ತಮ್ಮನ ರಕ್ತ ಬೇಡ ಎಂದದ್ದನ್ನು ನಂಬಿದವರು ಮಾತ್ರ, ಕ್ಯಾನ್ಸರ್ ಬಂದು ಹೋದ ಮೇಲೆ ಇವಳಿಗೆ ಸೊಕ್ಕು ಬಂದಿದೆ ಎಂದು ಶಹಾಪುರದ ತುಂಬ ಹೇಳಿಕೊಂಡು ತಿರುಗಿದರು.

ಐದು ತಿಂಗಳ ಮೇಲೆ ತಮ್ಮ ಬಂದ. ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದೆ ಎಂದು ಪ್ರಸಾದ ತಂದಿದ್ದ. ಚಹಾ ಕುಡಿದು ಮುಗಿಯುವ ತನಕ ತಡೆದೆ.

"ಆ ಫೋಟೋ ತಗಿಸಿಬಿಡು" ಎಂದೆ. "ಸುಳ್ಳದು."

"ನಾ ಕೊಡಾಕ ಹೋಗಿದ್ದಿಲ್ಲೇನು?"

"ಹೋಗಿದ್ದಿ. ನಾ ಬ್ಯಾಡಂದ ಮ್ಯಾಲೂ ಹೋಗಿದ್ದಿ. ನಿನ್ನ ರಕ್ತ ಹಾಕಿದ್ರ ನಾ ಸಾಯೂ ಸಾಧ್ಯ ಇತ್ತು. ತಿಳೀತದೇನು ನಿನಗ?"

ಅವನು ಬಟ್ಟಲನ್ನು ನೆಲದ ಮೇಲಿಟ್ಟ. "ಅವ್ವಗ ಯಾರೂ ಕೊಡಲಿಲ್ಲ" ಎಂದ.

ನಮ್ಮ ಅವ್ವ ಇವನನ್ನು ಹೆತ್ತ ದಿನವೇ ಸತ್ತಳು. ರಕ್ತ ನಿಲ್ಲಲಿಲ್ಲ, ಕೊಡಲು ರಕ್ತ ಸಿಗಲಿಲ್ಲ. ಆಗ ನನಗೆ ಹತ್ತು ವರ್ಷ. ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನೇ, ಆ ದಿನದ ಕಥೆಯನ್ನು ಇವನಿಗೆ ಹೇಳಿದವಳೂ ನಾನೇ. ಇವನ ಶಿಬಿರಗಳನ್ನು, ಶಾಲುಗಳನ್ನು, ಫೋಟೋಗಳನ್ನು ಇಷ್ಟು ವರ್ಷ ಆಡಿಕೊಂಡು ನಕ್ಕವಳಿಗೆ, ಇವನು ಪ್ರತಿ ಸಲವೂ ತಪ್ಪದೆ ಯಾಕೆ ತೋಳು ಚಾಚುತ್ತಾನೆ ಎಂದು ಒಮ್ಮೆಯೂ ಕೇಳಬೇಕೆನಿಸಿರಲಿಲ್ಲ. ನನ್ನ ತಿರಸ್ಕಾರದಲ್ಲಿ ನನ್ನ ಪಾಲಿಗೂ ಸ್ವಲ್ಪ ಇಟ್ಟುಕೊಳ್ಳಬೇಕಿತ್ತು.

ಆದರೂ ಫೋಟೋ ತೆಗೆಸು ಎಂದೆ. ತೆಗೆಸಿದ. ಆಮೇಲೆ ಕಾರ್ಡನ್ನು ಕೈಗೆ ತಗೊಂಡು ಮೊದಲ ಸಲ ಓದಿದ, ಬೆರಳಿಟ್ಟು, ಒಂದೊಂದೇ ಶಬ್ದ. ಅರ್ಥವಾಗದ ಎರಡು ಕಡೆ ನನ್ನನ್ನು ಕೇಳಿದ. ಈಗಲೂ ಶಿಬಿರ ಮಾಡುತ್ತಾನೆ, ಶಾಲು ಹೊದಿಸಿಕೊಳ್ಳುತ್ತಾನೆ. ಆದರೆ ಪೆಂಡಾಲಿನಲ್ಲಿ ಎರಡು ನಿಮಿಷ ಇದನ್ನೂ ಹೇಳುತ್ತಾನಂತೆ. ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ನನ್ನ ಮುಂದೆ ಬೈದುಕೊಳ್ಳುತ್ತಾನೆ. ಆಗ ನನಗೆ ಒಳಗೊಳಗೇ ಖುಷಿಯಾಗುತ್ತದೆ.

ನನಗೀಗ ಬಸ್ಸು ಹತ್ತುವ ಕೆಲಸವಿಲ್ಲ. ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಪಾಸ್ ಕೊಡುವ ಕಿಟಕಿಯಲ್ಲಿ ಕೂರಿಸಿದ್ದಾರೆ. ಹೋದ ತಿಂಗಳು ಕೊಡೇಕಲ್ ಕಡೆಯ ಗಂಡ ಹೆಂಡತಿ ಕಿಟಕಿಗೆ ಬಂದು, ನನ್ನ ತಮ್ಮ ಕಳಿಸಿದ ಎಂದರು. ಗಂಡನಿಗೆ ಐವತ್ತರ ಮೇಲಿರಬಹುದು. ಮೂರು ವರ್ಷದ ಹಿಂದೆ ಅವನಿಗೂ ರಕ್ತದ ಕ್ಯಾನ್ಸರಿಗೆ ಔಷಧವಾಗಿತ್ತು. ಮುದುಡಿದ ಒಂದು ಕಾಗದ ಚಾಚಿದರು. ಬಣ್ಣ ಬೇರೆ, ಊರು ಬೇರೆ, ಇಂಗ್ಲಿಷಿನ ಆ ಶಬ್ದ ಅದೇ.

"ಇದರಾಗ ಏನ್ ಬರದಾರಂತ ಯಾರ್ ಹೇಳಿದ್ರು ನಿಮಗ?" ಎಂದೆ.

"ಯಾರೂ ಹೇಳಿಲ್ರಿ. ಫೈಲಿನ್ಯಾಗ ಇತ್ತು."

ಮೂರು ವರ್ಷ! ಒಬ್ಬ ಡಾಕ್ಟರಿಗೆ, ಒಬ್ಬ ನರ್ಸಿಗೆ, ಔಷಧದಂಗಡಿಯವನಿಗೆ ಇದನ್ನು ಬಾಯಿಬಿಟ್ಟು ಹೇಳಬೇಕೆನಿಸಲಿಲ್ಲ. ಹಿಂದೆ ಸಾಲು ಗದ್ದಲ ಮಾಡುತ್ತಿತ್ತು. ಮಾಡಲಿ ಎಂದು ಕಿಟಕಿಯ ಹಲಗೆ ಎಳೆದು, ಅವರನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ರಕ್ತ, ಕಿರಣ, ಮನೆಯವರು, ಯಾವಾಗ ಕಾಯಬೇಕು, ಯಾವಾಗ ಕಾಯಬಾರದು. ನನ್ನ ಮಾತು ಸಾಲದು, ಔಷಧ ಕೊಟ್ಟ ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ ಎಂದೂ ಹೇಳಿದೆ. ಗಂಡ ತಲೆ ಆಡಿಸುತ್ತ ಕೇಳಿದ. ಮುಗಿದ ಮೇಲೆ ಹೆಂಡತಿ ಹತ್ತಿರ ಸರಿದು, ಬಹಳ ಗಂಭೀರವಾಗಿ ಕೇಳಿದಳು.

"ಅಕ್ಕಾರ, ಕೋಳಿ ತಿಂದ್ರ ನಡೀತದೇನ್ರಿ?"

ತಿನ್ನಲಿ ಎಂದೆ. ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದೆ.